ಕಂಪ್ಯೂಟರಿಗೆ ಹುಳುಮನೆಯ ಆರೈಕೆ

ರೇಷ್ಮೆಹುಳುವಿಗೆ ಮಾಡುವ ಆರೈಕೆಯನ್ನು ಕಂಪ್ಯೂಟರಿಗೆ ಮಾಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದಿರೇನು ಎಂದು ನನ್ನ ಸೊಸೆ ಕೇಳುತ್ತಾಳೆ. ಅದು ಬೇರೆ ಮಾತು.

ಎರಡನೇ ಕ್ಲಾಸಿನಲ್ಲಿ ನನ್ನ ಓದು ನಿಂತಿತು. ಆಮೇಲೆ ಕಲಿತದ್ದೆಲ್ಲ ನಮ್ಮೂರು ಉಡಿಗಾಲದ ಹುಳುಮನೆಯಲ್ಲಿ. ಮೂವತ್ತು ವರ್ಷ ಹುಳು ಸಾಕಿದವಳಿಗೆ ಪ್ರಪಂಚದ ಯಾವ ವಸ್ತುವನ್ನು ಕಂಡರೂ ಮೊದಲು ಬರುವ ಪ್ರಶ್ನೆ ಎರಡೇ. ಇದಕ್ಕೆ ಇರುವೆ ಹತ್ತುತ್ತದೆಯೇ? ಇದಕ್ಕೆ ತಂಪು ಬೇಕೋ, ಬಿಸಿ ಬೇಕೋ? ಮೊಮ್ಮಗಳು ಹುಟ್ಟಿದ ದಿನ ಅವಳನ್ನು ಕೈಗೆ ಕೊಟ್ಟಾಗಲೂ ನಾನು ಅದನ್ನೇ ಕೇಳಿದೆ ಎಂದು ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ. ಕೇಳಿದ್ದು ನಿಜ. ಆ ಎರಡು ಪ್ರಶ್ನೆ ಬಿಟ್ಟು ಕೂಸಿನ ಬಗ್ಗೆ ಕೇಳುವಂಥದ್ದು ಇನ್ನೇನಿದೆ, ನೀವೇ ಹೇಳಿ.

ಈಗ ನಾನಿರುವುದು ಗುಂಡ್ಲುಪೇಟೆಯಲ್ಲಿ, ಚಿಕ್ಕ ಮಗನ ಮನೆಯಲ್ಲಿ. ಮಗ ಊಟಿ ಬಸ್ಸಿನ ಕಂಡಕ್ಟರು. ಮನೆಯಲ್ಲಿರುವುದಕ್ಕಿಂತ ಘಾಟಿಯ ತಿರುವುಗಳಲ್ಲಿರುವುದೇ ಹೆಚ್ಚು. ಅವನ ಹೆಂಡತಿ ನಾಗಮಣಿ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ಇಟ್ಟಿದ್ದಾಳೆ. ಆರು ಮಿಷನ್ನು ಒಟ್ಟಿಗೆ ಕುಟ್ಟುವ ಸದ್ದು ನನಗೆ ಬಹಳ ಹಿಡಿಸುತ್ತಿತ್ತು. ನಾಲ್ಕನೇ ಜ್ವರ ಕಳೆದು ಎದ್ದ ಹುಳು ಸೊಪ್ಪಿನ ಮೇಲೆ ಬಿದ್ದಾಗ ಮನೆಯೊಳಗೆ ಮಳೆ ಹುಯ್ದ ಹಾಗೆ ಸದ್ದಾಗುತ್ತದಲ್ಲ, ಹಾಗೆಯೇ. ಆ ಸದ್ದಿಗೆ ಮಧ್ಯಾಹ್ನದ ನಿದ್ದೆ ತಾನಾಗಿ ಬರುತ್ತಿತ್ತು. (ಹುಳುವಿನ ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನಿರುವ ಹೊತ್ತು. ಗೊತ್ತಿರುವವರು ಕ್ಷಮಿಸಬೇಕು.)

ಚಾಮರಾಜನಗರ ಜಿಲ್ಲೆಯಾಯಿತು ನೋಡಿ, ಅಲ್ಲಿಂದ ಆ ಸದ್ದು ಕಡಿಮೆಯಾಯಿತು. ಹೊಸ ಕಚೇರಿಗಳು ಬಂದವು, ಅವಕ್ಕೆ ಕಂಪ್ಯೂಟರು ಬರುವ ಹುಡುಗಿಯರೇ ಬೇಕಂತೆ. ಟೈಪಿಂಗಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಬಾಗಿಲಲ್ಲೇ ನಿಂತು, "ಆಂಟಿ, ಕಂಪೂಟ್ರು ಇದ್ದದಾ?" ಎಂದು ಕೇಳಿ, ಇಲ್ಲ ಎಂದರೆ ಚಪ್ಪಲಿಯನ್ನೂ ಬಿಡದೆ ಹೋಗತೊಡಗಿದರು. ನಾಲ್ಕು ಮಿಷನ್ನಿನ ಮೇಲೆ ಬಟ್ಟೆ ಹೊದಿಸಿಯಾಯಿತು. ಕೊನೆಗೆ ನಾಗಮಣಿ ಹಠ ಹಿಡಿದು, ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರೊಂದನ್ನು ಮೈಸೂರಿನಿಂದ ತರಿಸಿದಳು. ಹನ್ನೊಂದು ಹೆಣ್ಣುಮಕ್ಕಳು ಹೆಸರು ಬರೆಸಿದರು. ಇಂಥ ಸೋಮವಾರ ಕ್ಲಾಸು ಶುರು ಎಂದು ಮಾತು ಕೊಟ್ಟಳು. "ಅವತ್ತು ನಡೀನಿಲ್ಲ ಅಂದ್ರೆ ಅಷ್ಟೂ ಜನ ಚಾಮ್‌ರಾಜ್‌ನಗರದ ಬಸ್ ಅತ್ಕೊತರೆ ಕಣತ್ತೆ. ಆಮೇಲೆ ಬೋರ್ಡ್ ಇಳಿಸದೇಯ" ಎಂದಳು. ಅಳುತ್ತ ಹೇಳಿದ್ದರೆ ನಾನು ಬೈಯುತ್ತಿದ್ದೆ. ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು. ಹಾಗಾಗಿ ನನಗೆ ಹೆದರಿಕೆಯಾಯಿತು.

ಮಿಷನ್ನು ಜೋಡಿಸಿ ಕೊಟ್ಟವನು ಚಾಮರಾಜನಗರದ ಸಿದ್ದಪ್ಪ. ಐವತ್ತು ದಾಟಿದವನು, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಇಪ್ಪತ್ತು ವರ್ಷ ರೇಡಿಯೊ ರಿಪೇರಿ ಮಾಡಿ, ರೇಡಿಯೊ ಕೆಡುವುದು ಕಡಿಮೆಯಾದ ಮೇಲೆ ಮೈಸೂರಿಗೆ ಹೋಗಿ ಕಂಪ್ಯೂಟರು ಕಲಿತು ಬಂದಿದ್ದ. ಎಲ್ಲ ತೋರಿಸಿ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ನೋಡಿ ನಾಗಮಣಮ್ಮ, ಇದ್ಕೆ ತಂಪಿರ್ಬೇಕು. ಧೂಳು ಬೀಳ್ಬಾರ್ದು. ಇರ್ವೆ ಗಿರ್ವೆ ಒಳಕ್ಕೆ ಓಗ್ಬಾರ್ದು. ಅಷ್ಟು ನೋಡ್ಕಬುಟ್ರೆ ಅತ್ತು ವರ್ಸ ಬತ್ತದೆ." ಯಾವುದೋ ಒಂದು ಕಾರ್ಡು ತಂದು ಹಾಕುವುದು ಬಾಕಿ ಇದ್ದುದರಿಂದ ಪೆಟ್ಟಿಗೆಯ ಒಂದು ಬದಿಗೆ ತಿರುಪು ಹಾಕಿರಲಿಲ್ಲ, ಮುಚ್ಚಳ ಸುಮ್ಮನೆ ಒರಗಿಕೊಂಡಿತ್ತು.

ತಂಪು, ಧೂಳಿಲ್ಲದ ಜಾಗ, ಇರುವೆ ಬರದ ಹಾಗೆ ಕಾವಲು. ಇದು ಹುಳುವಲ್ಲದೆ ಇನ್ನೇನು? ನನಗೆ ಆ ಪೆಟ್ಟಿಗೆಯ ಮೇಲೆ ಅಲ್ಲಿಯವರೆಗೆ ಇರದಿದ್ದ ಪ್ರೀತಿ ಬಂದುಬಿಟ್ಟಿತು.

ಮಾರನೆಯ ದಿನವೇ ನಾಗಮಣಿ ಮಗಳನ್ನು ಕರೆದುಕೊಂಡು ಮದ್ದೂರಿನ ತವರಿಗೆ, ತಂಗಿಯ ಬಾಣಂತನಕ್ಕೆಂದು ಹತ್ತು ದಿನ ಹೋದಳು. ಮಗನೂ ಇಲ್ಲ. ಮನೆಯಲ್ಲಿ ನಾನು ಮತ್ತು ಕಂಪ್ಯೂಟರು. ಮೊದಲು ಮೇಜಿನ ನಾಲ್ಕು ಕಾಲನ್ನೂ ನಾಲ್ಕು ಬಟ್ಟಲಿನೊಳಗೆ ಇಳಿಸಿ ನೀರು ತುಂಬಿದೆ. ಹುಳುಮನೆಯಲ್ಲಿ ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲಿಗೆ ಹೀಗೆಯೇ ಮಾಡುವುದು, ಇರುವೆ ಈಜಲಾರದು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದೆ. ಆಮೇಲೆ ಒರಗಿಸಿದ್ದ ಮುಚ್ಚಳ ತೆಗೆದು ಒಳಗೆ ನೋಡಿದೆ. ಅಗಲವಾದ ಒಂದು ಹಸಿರು ಹಲಗೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದರೆ ಹೊಲ, ಬದು, ಗಾಡಿದಾರಿ, ಅಲ್ಲಲ್ಲಿ ಒಂದೊಂದು ಮನೆ ಕಾಣುತ್ತದಲ್ಲ, ಹಾಗಿತ್ತು. ಹಸಿರು ಬಣ್ಣದ್ದು ಒಣಗಬಾರದು ಎಂದು ನನಗನ್ನಿಸಿತು. ಮರಿಹುಳು ಸಾಕುವಾಗ ತಟ್ಟೆಯ ಅಂಚಿಗೆ ಸುತ್ತಲೂ ನೀರಲ್ಲಿ ಅದ್ದಿದ ಸ್ಪಂಜಿನ ಪಟ್ಟಿ ಇಡುತ್ತೇವೆ. ಇಲ್ಲದಿದ್ದರೆ ಹೆಚ್ಚಿದ ಸೊಪ್ಪು ಬಾಡಿ ಹುಳು ಉಪವಾಸ ಬೀಳುತ್ತದೆ. ಅಂಥ ಎಂಟು ಪಟ್ಟಿ ಉಡಿಗಾಲದಿಂದ ತಂದ ನನ್ನ ಟ್ರಂಕಿನಲ್ಲೇ ಇದ್ದವು. ಅದ್ದಿ, ಹಿಂಡಿ, ಆ ಹಲಗೆಯ ಸುತ್ತ ಇಟ್ಟು ಮುಚ್ಚಳ ಒರಗಿಸಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮತ್ತೆ ಅದ್ದಿ ಇಟ್ಟೆ. ಹತ್ತು ದಿನ ತಪ್ಪಿಸಲಿಲ್ಲ. ಹುಳುವಾಗಿದ್ದರೆ ಅಷ್ಟು ಹೊತ್ತಿಗೆ ಮೂರನೇ ಜ್ವರಕ್ಕೆ ಬಂದು, ಊರವರು ನೋಡಲು ಬರುವ ಹಾಗೆ ಬೆಳೆದಿರುತ್ತಿತ್ತು.

ನಾಗಮಣಿ ಬರುವ ಗುರುವಾರ ಬೆಳಿಗ್ಗೆ ಎಲ್ಲ ತೆಗೆದುಬಿಟ್ಟೆ. ಬಟ್ಟಲೂ ಇಲ್ಲ, ತಾಟೂ ಇಲ್ಲ. "ಎಲ್ಲಾದ್ಕೂ ಹುಳ ಹುಳ ಅಂತೀರಲ್ಲತ್ತೆ" ಎಂದು ಅವಳು ನಗುವುದು ನನಗೆ ಬೇಕಿರಲಿಲ್ಲ.

ಅವಳು ಕಾಲು ತೊಳೆದು ಬಂದವಳೇ ಗುಂಡಿ ಒತ್ತಿದಳು. ಒಳಗಿನ ಫ್ಯಾನು ತಿರುಗಿತು. ಅಷ್ಟೇ. ಪರದೆ ಕಪ್ಪಗೆ ಕುಳಿತಿತ್ತು. ಮತ್ತೆ ಒತ್ತಿದಳು. ಫ್ಯಾನು ತಿರುಗಿತು. ಮೂರನೇ ಸಲ ಒತ್ತಲಿಲ್ಲ. ಸ್ಟೂಲಿನ ಮೇಲೆ ಕುಳಿತು ಗೋಡೆಯ ಕ್ಯಾಲೆಂಡರು ನೋಡಿದಳು. ಆಮೇಲೆ ಎದ್ದು ಎಸ್‌ಟಿಡಿ ಬೂತಿಗೆ ಹೋಗಿ ಸಿದ್ದಪ್ಪನಿಗೆ ಫೋನು ಮಾಡಿದಳು.

ಶುಕ್ರವಾರ ಮೊದಲ ಬಸ್ಸಿಗೇ ಸಿದ್ದಪ್ಪ ಬಂದ. ಮುಚ್ಚಳ ತೆಗೆದ, ಇಣುಕಿದ, ಮೂಗು ಹತ್ತಿರ ಒಯ್ದು ಮೂಸಿದ. ಮೂಲೆಗೆ ಕೈ ಹಾಕಿ ಒಂದು ಸ್ಪಂಜಿನ ಪಟ್ಟಿ ಎಳೆದು ತೆಗೆದ. ಇಟ್ಟದ್ದು ಎಂಟು, ತೆಗೆದದ್ದು ಏಳು. ಹುಳುಮನೆಯಲ್ಲಿ ಅಂಥ ತಪ್ಪನ್ನು ನಾನು ಒಂದು ದಿನವೂ ಮಾಡಿದವಳಲ್ಲ.

ಒಂದು ದಿನದಲ್ಲಿ ಪಟ್ಟಿ ಒಣಗಿಹೋಗಿತ್ತು. ಸಿದ್ದಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮುಖ ಸಣ್ಣಗೆ ಮಾಡಿಕೊಂಡು, "ಇದು ಪ್ಯಾಕಿಂಗ್‌ನಾಗೆ ಬಂದಿದ್ದದು. ನಾನೇ ತೆಗೀದೆ ಬುಟ್ಬುಟ್ಟೆ ಅಂತ ಕಾಣ್ತದೆ. ಗಾಳಿಗೆ ಅಡ್ಡ ಆಗಿ ಕಾದು ಬೋರ್ಡೇ ಸುಟ್ಟೋಗದೆ" ಎಂದ.

"ಸಿದ್ದಪ್ಪಣ್ಣ, ನಿಮ್ಮನ್ನ ನಂಬ್ಕಂಡು ಅನ್ನೊಂದು ಮಕ್ಕಳ್ಗೆ ಮಾತ್ ಕೊಟ್ಟಿವ್ನಿ" ಎಂದಳು ನಾಗಮಣಿ.

"ತಪ್ಪು ನಂದೇ ಕಣಮ್ಮ. ಮೈಸೂರ್ಗೆ ಒತ್ಕಂಡೋಗಿ ಬೇರೆ ಬೋರ್ಡ್ ಉಡುಕಿಸ್ತಿನಿ. ಹದಿನೈದು ದಿನ ಆಯ್ತದೆ."

"ಸೋಮವಾರ ಕ್ಲಾಸು."

ಅವನು ವಿಭೂತಿ ಅಳಿಸದ ಹಾಗೆ ಹಣೆಯ ಬೆವರು ಒರೆಸಿಕೊಂಡ.

ನಾನು ಹೊಸಲಿನ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದೆ. ಸುಮ್ಮನಿದ್ದರೆ ಆಗುತ್ತಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಮುದುಕಿಯನ್ನು ಕಂಪ್ಯೂಟರಿನ ವಿಚಾರ ಕೇಳುವವರು ಯಾರು? ನಾನು ಬಹಳ ಒಳ್ಳೆಯವಳು, ಹಾಗಾಗಿ ಬಾಯಿ ಬಿಟ್ಟೆ ಎಂದು ತಿಳಿಯಬೇಡಿ. ನಾಲ್ಕು ಕಾಯಿ ಬಿಡಿಸುವಷ್ಟು ಹೊತ್ತು ಸುಮ್ಮನೆಯೇ ಇದ್ದೆ. ನನಗೆ ತಡೆಯಲಾಗದೆ ಹೋದದ್ದು ಆ 'ಸುಟ್ಟಿದೆ' ಎಂಬ ಮಾತು. ಹುಳು ಹಾಲುತೊಂಡೆ ರೋಗದಿಂದ ಸಾಯುತ್ತಿರುವಾಗ, ಬೇರೆಯದೇ ಆದ ಸುಣ್ಣಕಟ್ಟು ರೋಗಕ್ಕೆ ಔಷಧಿ ಹಾಕುವವರನ್ನು ನೋಡಿದ್ದೇನೆ. ಒದ್ದೆ ಸೊಪ್ಪು ಹಾಕಿದೆವು ಎಂದು ಮನೆಯವರು ಒಂದು ಮಾತು ಹೇಳಿದ್ದರೆ ಉಳಿಯುತ್ತಿದ್ದ ಬೆಳೆ, ಅವರು ನಾಚಿಕೆಗೆ ಮುಚ್ಚಿಟ್ಟದ್ದರಿಂದ ತಿಪ್ಪೆಗೆ ಹೋಗುತ್ತಿತ್ತು. ತಪ್ಪು ಮಾಡುವುದು ನನ್ನಿಂದ ಆಗುತ್ತದೆ. ತಪ್ಪು ಕಾರಣ ಕೇಳಿಕೊಂಡು ಕೂರುವುದು ಆಗುವುದಿಲ್ಲ.

"ಸಿದ್ದಪ್ಪ, ಅದು ಸುಟ್ಟಿಲ್ಲ ಕಣಪ್ಪ. ನೀರ್ ಕುಡ್ದದೆ" ಎಂದೆ.

"ನಿಂಗೆಂಗವ್ವ ಗೊತ್ತು?"

"ನಾನೇ ಕುಡಿಸ್ದೆ. ಅತ್ತು ದಿನ. ವತ್ತಾರೆ ಒಂದ್ಸತಿ, ಸಂದೇಲಿ ಒಂದ್ಸತಿ."

ನಾಗಮಣಿ ಸ್ಪಂಜಿನ ಪಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಅತ್ತೇ, ಅದೇನ್ ಹುಳ ಅನ್ಕಂಡ್ರಾ?"

"ಊಂ ಕಣಮ್ಮಿ."

ಅವಳಿಗೆ ಬೈಯಲು ಮಾತು ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು, ಬೈಸಿಕೊಳ್ಳಲು ನಾನು ಸಿದ್ಧಳಾಗಿ ಕೂತಿದ್ದೆ. ಅಷ್ಟರಲ್ಲಿ ಸಿದ್ದಪ್ಪ ನೆಲದ ಮೇಲೆ ಕುಕ್ಕರಿಸಿ ನಗಲು ಶುರುಮಾಡಿದ. "ಅವ್ವೋ, ಯೋಳಿ ಉಳಿಸ್ದೆ ಕಣವ್ವ! ಸುಟ್ಟಿದ್ರೆ ನನ್ ಕೈಲಿ ಏನೂ ಇಲ್ಲ. ನೆಂದಿದ್ರೆ ಒಣಗಿಸ್ಬೋದು. ಹೊಸ ಬೋರ್ಡ್ ತಂದ್ ಹಾಕಿದ್ರೂ ನೀನು ಅದ್ಕೂ ಕುಡಿಸ್ತಿದ್ದಲ್ಲ!" ಎಂದ. ಅದು ದಿಟ. ಅದನ್ನು ನಾನು ಯೋಚಿಸಿರಲಿಲ್ಲ.

ಒಣಗಿಸುವುದು ಹೇಗೆ ಎಂದು ವಾದವಾಯಿತು. ಅವನು ಬಿಸಿಲಿಗಿಡೋಣ ಎಂದ. ಬಿಸಿಲಲ್ಲಿ ಇಟ್ಟರೆ ಧೂಳು, ಕಾಗೆ, ಬೆಕ್ಕು, ಪಕ್ಕದ ಮನೆಯವರ ಪ್ರಶ್ನೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆಯ ತೇವ ಎಳೆಯಲು ನಾವು ಸುಣ್ಣದ ಪುಡಿ ಉದುರಿಸುತ್ತೇವೆ. ನೀರು ಹಾಕದ ಸುಟ್ಟ ಸುಣ್ಣದ ಕಲ್ಲನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟು, ಪಕ್ಕದಲ್ಲಿ ಹಲಗೆ ಇಟ್ಟು ಮುಚ್ಚಿದರೆ ಇರುವ ತೇವವನ್ನೆಲ್ಲ ಸುಣ್ಣವೇ ಹೀರುತ್ತದೆ ಎಂದೆ. ಸಿದ್ದಪ್ಪ ನಾಗಮಣಿಯ ಮುಖ ನೋಡಿದ. "ಕೆಡಿಸಿದ್ದೂ ಅವ್ರೇ, ಅವ್ರ್ ಮಾತು ಕೇಳದೂ ನಾವೇ. ಆಗ್ಲಿ ಬುಡಿ" ಎಂದಳು ಅವಳು.

ಟ್ರಂಕಿಗೆ ಹಾಕಬೇಕಾದರೆ ಹಲಗೆಯನ್ನು ಪೆಟ್ಟಿಗೆಯಿಂದ ಬಿಡಿಸಬೇಕು. ಒಂದೊಂದಾಗಿ ಕಿತ್ತು ಹಳೆಯ ಪೇಪರಿನ ಮೇಲೆ ಇಡುತ್ತ ಹೋದ. ಸಿದ್ದಪ್ಪನಿಗೆ ಬಾಯಿ ಆಡದಿದ್ದರೆ ಕೈ ಆಡುವುದಿಲ್ಲ. ಹಾಗಾಗಿ ನನಗೆ ಕೂತಲ್ಲೇ ಪಾಠವಾಯಿತು, ಎರಡನೇ ಕ್ಲಾಸಿನ ನಂತರದ ಮೊದಲ ಪಾಠ.

ಈ ಹಲಗೆಗೆ ಮದರ್‌ಬೋರ್ಡು ಎಂದು ಹೆಸರು, ಅಂದರೆ ತಾಯಿಯಂತೆ. ಇದು ಲೆಕ್ಕ ಮಾಡುತ್ತದೆಯೇ ಎಂದು ಕೇಳಿದೆ. ಇಲ್ಲ. ನೆನಪಿಡುತ್ತದೆಯೇ? ಇಲ್ಲ. ಪರದೆಯ ಮೇಲೆ ಅಕ್ಷರ ಬರೆಯುತ್ತದೆಯೇ? ಅದಕ್ಕೂ ಬೇರೆ ಕಾರ್ಡು. ಮತ್ತೆ ಇದರ ಕೆಲಸವೇನು? ಎಲ್ಲರಿಗೂ ಕೂರಲು ಜಾಗ ಕೊಡುವುದು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದು, ಎಲ್ಲರಿಗೂ ಹೊಟ್ಟೆಗೆ ಹಂಚುವುದು. ಹೆಸರಿಟ್ಟವರು ಏನಾದರೂ ಇಡಲಿ, ನನ್ನ ಕಣ್ಣಿಗೆ ಅದು ಹುಳುಮನೆಯ ಸ್ಟ್ಯಾಂಡು. ಸ್ಟ್ಯಾಂಡು ನೂಲು ಬಿಡುವುದಿಲ್ಲ. ಸ್ಟ್ಯಾಂಡಿಲ್ಲದೆ ನೂಲೂ ಇಲ್ಲ.

ಫ್ಯಾನಿನ ಕೆಳಗೆ ಕುಳಿತವನು ಲೆಕ್ಕದವನು. ಬಹಳ ಚುರುಕು, ಬಹಳ ಮರೆವು. ಮಾಡಿದ ಲೆಕ್ಕ ಆ ಕ್ಷಣವೇ ಮರೆಯುತ್ತಾನೆ. ಅವನಿಗೆ ಬರೆದುಕೊಳ್ಳಲು ಸ್ಲೇಟು ಬೇಕು. ಆ ಸ್ಲೇಟೇ ನೆಟ್ಟಗೆ ನಿಂತ ಎರಡು ಪಟ್ಟಿ, ನಮ್ಮ ಮಿಷನ್ನಿನಲ್ಲಿ ಅವು ಜೋಡಿ ಎತ್ತಿನ ಹಾಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಟ್ಟಿದರೆ ಗಾಡಿ ಹೊರಡದು. ಕರೆಂಟು ಆರಿಸಿದರೆ ಸ್ಲೇಟು ಒರೆಸಿದಂತೆ. ಉಳಿಯಬೇಕಾದದ್ದನ್ನು ಇಡಲು ಬೇರೆ ಒಂದು ಕಬ್ಬಿಣದ ಡಬ್ಬಿ. ಅದರಿಂದ ಹಲಗೆಗೆ ಅಗಲವಾದ ಲಾಡಿಯಂಥ ತಂತಿ, ಒಂದು ಅಂಚಿಗೆ ಕೆಂಪು ಗೆರೆ. ಹಲಗೆಯ ಮೇಲೆ ಸಾಲಾಗಿ ನಿಂತ ಕಡ್ಡಿಗಳಲ್ಲಿ ಮೊದಲನೆಯದರ ಕಡೆಗೇ ಕೆಂಪು ಗೆರೆ ಬರುವ ಹಾಗೆ ಚುಚ್ಚಬೇಕು, ಸೀರೆಗೆ ಸೆರಗು ಯಾವ ಕಡೆ ಎಂದು ನೋಡಿ ಉಡುವ ಹಾಗೆ. ಗೋಡೆಯ ಕರೆಂಟನ್ನು ಹಾಗೇ ಕೊಟ್ಟರೆ ಎಲ್ಲ ಹೊತ್ತಿಕೊಳ್ಳುತ್ತದಂತೆ. ಅದಕ್ಕೇ ಹಿಂದಿನ ತಗಡಿನ ಡಬ್ಬಿ ಅದನ್ನು ಇಳಿಸಿ, ತಿರುಗುವ ಸಾಮಾನಿಗೆ ಹನ್ನೆರಡು ವೋಲ್ಟು, ಕೂತ ಸಾಮಾನಿಗೆ ಐದು ಎಂದು ಬೇರೆ ಬೇರೆ ಮಾಡಿ ಕಳಿಸುತ್ತದೆ. ಇದನ್ನು ಅವನು ವಿವರಿಸುವ ಮೊದಲೇ ನನಗೆ ಅರ್ಥವಾಯಿತು. ಮರಿಹುಳುವಿಗೆ ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕುತ್ತೇವೆ, ದೊಡ್ಡ ಹುಳುವಿಗೆ ರೆಂಬೆ ಸಮೇತ. ಅದಲು ಬದಲಾದರೆ ಎರಡೂ ಉಳಿಯವು.

ಹಲಗೆಯ ಮೇಲಿನ ಕೂದಲೆಳೆಯಂಥ ಗೆರೆಗಳೆಲ್ಲ ದಾರಿ. ಆ ದಾರಿಗಳ ಕಟ್ಟಿಗೆ ಬಸ್ಸು ಎಂದು ಹೆಸರಂತೆ. ಕಂಡಕ್ಟರಿನ ತಾಯಿಗೆ ಹೀಗೆ ಹೇಳಿದರೆ ನಂಬುತ್ತಾಳೆಯೇ? ಕಡಲೆಬೇಳೆಯ ಗಾತ್ರದ ಒಂದು ತಗಡಿನ ಗುಳಿಗೆ ಇದೆ, ಅದು ಒಂದೇ ಸಮ ತಾಳ ಹಾಕುತ್ತಿರುತ್ತದೆ. ನಾಟಿ ಗದ್ದೆಯಲ್ಲಿ ಒಬ್ಬಳು ಪದ ಹೇಳಿದರೆ ಹತ್ತು ಜನರ ಕೈ ಒಟ್ಟಿಗೆ ಏಳುತ್ತದಲ್ಲ, ಹಾಗೆ ಆ ತಾಳಕ್ಕೆ ಎಲ್ಲರೂ ಹೆಜ್ಜೆ ಹಾಕುತ್ತಾರೆ. ಪದದವಳು ನಿಂತರೆ ಗದ್ದೆ ನಿಂತಿತು. ನನಗೆ ಬಹಳ ಹಿಡಿಸಿದ್ದು ಬೇರೆ. ಗುಂಡಿ ಒತ್ತಿದ ಕೂಡಲೆ ಯಾರೂ ಕೆಲಸ ಶುರು ಮಾಡುವುದಿಲ್ಲ. ಹಲಗೆ ಮೊದಲು ಹಾಜರಿ ಕರೆಯುತ್ತದೆ. ಲೆಕ್ಕದವನು ಇದ್ದಾನೆಯೇ, ಸ್ಲೇಟು ಇದೆಯೇ, ಪರದೆಯ ಕಾರ್ಡು ಇದೆಯೇ, ಕೀಲಿಮಣೆ ಇದೆಯೇ? ಯಾರಾದರೂ ಓಗೊಡದಿದ್ದರೆ ಬಾಯಿ ಬಿಟ್ಟು ಕೂಗುತ್ತದೆ, ಎಲ್ಲರೂ ಇದ್ದರೆ ಒಂದೇ ಒಂದು ಚುಟುಕು ಸದ್ದು. ಮನೆಗಳಲ್ಲಿ ಇಷ್ಟು ಶಿಸ್ತಿಲ್ಲ. ಬೆಳಿಗ್ಗೆ ಎದ್ದು ಯಾರು ಇದ್ದೀರಿ, ಯಾರಿಗೆ ಏನಾಗಿದೆ ಎಂದು ಕೇಳದೆಯೇ ಕಾಫಿಗೆ ನೀರಿಡುತ್ತೇವೆ.

ಅವತ್ತೂ ಮಾರನೆಯ ದಿನವೂ ಹಲಗೆ ಸುಣ್ಣದ ಜೊತೆ ಟ್ರಂಕಿನಲ್ಲಿತ್ತು. ಸಿದ್ದಪ್ಪ ಊರಿಗೆ ಹೋಗಿ ಭಾನುವಾರ ಬಂದ. ತಿರುಪು ಹಾಕಿ, ಲಾಡಿ ಚುಚ್ಚಿ, ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಿ ಗುಂಡಿ ಒತ್ತಿದ. ಫ್ಯಾನು ತಿರುಗಿತು. ಪರದೆ ಕಪ್ಪು. ನಾಗಮಣಿ ಕಣ್ಣು ಮುಚ್ಚಿದಳು. ಆಗ ಪೆಟ್ಟಿಗೆ 'ಬೀಂ... ಬೀಂ... ಬೀಂ...' ಎಂದು ಉದ್ದುದ್ದ ಅರಚಲು ಶುರುಮಾಡಿತು.

"ಓಯ್ತು, ಎಲ್ಲಾ ಓಯ್ತು" ಎಂದಳು ನಾಗಮಣಿ.

"ಎಲ್ಲೋಯ್ತು? ಬಂತು ಕಣಮ್ಮ! ಬೋರ್ಡ್ ಜೀವ ಅದೆ. ಸ್ಲೇಟ್ ಸಿಕ್ತಿಲ್ಲ ಅಂತ ಅಳ್ತಾ ಅದೆ" ಎಂದು ಸಿದ್ದಪ್ಪ ಕುಣಿದಾಡಿದ.

ಅಳುವುದು ಒಳ್ಳೆಯದೆಂದು ನಾಲ್ಕು ಹೆತ್ತವಳಿಗೆ ಬೇರೆಯವರು ಹೇಳಬೇಕಿಲ್ಲ. ಹುಟ್ಟಿದ ಕೂಸು ಸುಮ್ಮನಿದ್ದರಲ್ಲವೇ ಭಯ. ನಾನು ಮತ್ತೆ ಅವರೆಕಾಯಿ ಬಿಡಿಸಲು ಕೂತೆ.

ಅವನು ಸ್ಲೇಟಿನ ಎರಡು ಪಟ್ಟಿಯನ್ನೂ ಕಿತ್ತು ಬೆಳಕಿಗೆ ಹಿಡಿದ. ಹಲಗೆಗೆ ಕಚ್ಚಿಕೊಳ್ಳುವ ಅಂಚಿನಲ್ಲಿ ಸಾಲಾಗಿ ಹಲ್ಲುಗಳು, ನನ್ನ ತೇವಕ್ಕೆ ಮಸುಕಾಗಿದ್ದವು. ಅಷ್ಟು ತೆಳು ಮಸಿ ಸಾಕಂತೆ, ಮಾತು ದಾಟುವುದಿಲ್ಲ. ರಬ್ಬರು ಕೇಳಿದ. ನಾಗಮಣಿ ಟೈಪಿಂಗಿನ ರಬ್ಬರು ಕೊಟ್ಟಳು. ಅದು ಮರಳಿನ ಹಾಗೆ ಒರಟು, ಹಲ್ಲನ್ನೇ ತಿಂದುಬಿಡುತ್ತದೆ ಎಂದ. ಕೊನೆಗೆ ಮೊಮ್ಮಗಳ ಸ್ಕೂಲ್ ಬ್ಯಾಗಿನಿಂದ ಬಾಳೆಹಣ್ಣಿನ ವಾಸನೆಯ ಗುಲಾಬಿ ರಬ್ಬರು ಬಂತು. "ಅವ್ವ, ನೀನೇ ಉಜ್ಜು. ನಿನ್ ಪಾಪ ನಿನ್ ಕೈಲೇ ಓಗ್ಲಿ" ಎಂದು ನನ್ನ ಕೈಗೆ ಕೊಟ್ಟ. ಉಜ್ಜಿದೆ. ಹಲ್ಲುಗಳು ಒಂದೊಂದಾಗಿ ಮಿನುಗಿದವು. ಅವನು ಜೋಡಿಯನ್ನು ಓರೆಯಾಗಿ ಇಳಿಸಿ ನೆಟ್ಟಗೆ ನಿಲ್ಲಿಸಿದ, 'ಟಕ್' ಎಂದಿತು.

ಈ ಸಲ ಗುಂಡಿ ಒತ್ತಿದವಳು ನಾಗಮಣಿ. ಒಂದೇ ಒಂದು ಚುಟುಕು ಸದ್ದು. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಅವಳು ಸೆರಗಿನಿಂದ ಪರದೆ ಒರೆಸಿದಳು, ಅದೇ ಸೆರಗಿನಿಂದ ಮೂಗನ್ನೂ ಒರೆಸಿಕೊಂಡಳು, ಆಮೇಲೆ ನನ್ನ ಕಡೆ ತಿರುಗಿ, "ಇನ್ಮೇಲೆ ಇದ್ರ ಅತ್ರ ನೀರಿನ್ ಚೆಂಬು ತಂದ್ರೆ ನಿಮ್ಮನ್ನ ಉಡಿಗಾಲದ ಬಸ್ ಅತ್ತಿಸ್ಬುಡ್ತಿನಿ" ಎಂದಳು. ಬೈಗುಳ ಬಾಕಿ ಉಳಿಯಲಿಲ್ಲ ಎಂದು ನನಗೆ ಸಮಾಧಾನವಾಯಿತು.

ಸೋಮವಾರ ಹತ್ತು ಹೆಣ್ಣುಮಕ್ಕಳು ಒಳಗೆ ಬಂದು ಕೂತರು. ಹನ್ನೊಂದನೆಯವಳು ಅಂಗಳದಲ್ಲೇ ತಾಯಿಯ ಬೆನ್ನಿಗೆ ಅಂಟಿಕೊಂಡು ನಿಂತಿದ್ದಳು. ನಮ್ಮ ಬೀದಿಯಲ್ಲಿ ಸುದ್ದಿ ನಿಲ್ಲುವುದಿಲ್ಲವಲ್ಲ. ತಾಯಿ ಹೊಸಲಿನ ಮೇಲಿದ್ದ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು: "ಅಜ್ಜಿ, ಅದ್ಯಾರೋ ನೀರ್ ಬುಟ್ಟು ಕಂಪೂಟ್ರ ಕೆಡಿಸ್ಬುಟ್ಟಿದ್ರಂತಲ್ಲ, ದಿಟವಾ?"

"ದಿಟ. ನಾನೇ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇನ್ನು ಮಗಳನ್ನು ಕರೆದುಕೊಂಡು ಹೊರಟೇಬಿಡುತ್ತಾಳೆ ಎಂದುಕೊಂಡೆ. "ಅಂಗಾರೆ ನಮ್ ಮಗ ಒಂದ್ ಗುಂಡಿ ತಪ್ಪಾಗ್ ಒತ್ಬುಟ್ರೆ ಬಯ್ಯಕಿಲ್ಲ ತಾನೆ? ಮುಟ್ಟಕೇ ಎದ್ರ್‌ಕತಾ ಅವ್ಳೆ" ಎಂದಳು. ನಮ್ಮ ಕಡೆ ಹೆಣ್ಣುಮಗುವನ್ನೂ ಮುದ್ದಿಗೆ ಮಗ ಎನ್ನುವುದುಂಟು.

"ಬಯ್ಯಕೆ ಈ ಮನೇಲಿ ಯಾರ್ಗೂ ಬಾಯಿಲ್ಲ ಕಣವ್ವ, ನಾನಿರಗಂಟ. ಓಗಮ್ಮಿ ಒಳಕ್ಕೆ."

ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅಂದಿನಿಂದ ನನಗೊಂದು ಕೆಲಸ ಸಿಕ್ಕಿದೆ. ಹೊಸಬರು ಯಾರಾದರೂ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡರೆ ನಾಗಮಣಿ ನನ್ನ ಕಡೆ ಬೆರಳು ತೋರಿಸುತ್ತಾಳೆ, ಅವರು ನಕ್ಕು ಗುಂಡಿ ಒತ್ತುತ್ತಾರೆ. ಕಲಿಯುವ ಜಾಗದಲ್ಲಿ ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವಳು ಕಣ್ಣಿಗೆ ಬೀಳುವ ಹಾಗೆ ಕೂತಿರಬೇಕು ಎಂದು ಕಾಣುತ್ತದೆ. ಓದು ಬೇಕಿಲ್ಲದ ಕೆಲಸ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೂರುತ್ತೇನೆ, ಮಧ್ಯಾಹ್ನ ನಿದ್ದೆಗೆ ಬಿಡುವು ಉಂಟು.